ಮಕ್ಕಳ ಲೆಕ್ಕ ಕಡಿಮೆಯಾದರೆ ಪುಸ್ತಕದ ಕಪಾಟಿಗೂ ಬೀಗ

ಜೂನ್ ಬಂತೆಂದರೆ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಶಾಲೆಗಳ ಅಧ್ಯಾಪಕರಿಗೆ ಒಂದೇ ಚಿಂತೆ. ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ವರ್ಷದ ಡಿವಿಷನ್, ಹುದ್ದೆ ಎಲ್ಲವೂ ಆ ಲೆಕ್ಕದ ಮೇಲೆಯೇ ನಿಲ್ಲುತ್ತದೆ. ಎಲ್.ಪಿ.ಯಲ್ಲಿ 30 ಮಕ್ಕಳಿಗೆ ಒಬ್ಬ ಅಧ್ಯಾಪಕ, ಯು.ಪಿ.ಯಲ್ಲಿ 35ಕ್ಕೆ ಒಬ್ಬ. ಕೆಲವೆಡೆ ನಾಲ್ಕೈದು ಮಕ್ಕಳು ಕಡಿಮೆಯಾದರೂ ಒಂದು ಡಿವಿಷನ್ ಹೋಗುತ್ತದೆ.

ಹುದ್ದೆ ಹೋದರೆ ಸುದ್ದಿಯಾಗುತ್ತದೆ. ಅದರ ಬೆನ್ನಿಗೇ ಲೈಬ್ರರಿ ಹೋಗುವುದು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಲೈಬ್ರರಿಗೆಂದೇ ಒಬ್ಬರಿರುವುದಿಲ್ಲ. ಪಾಠ ಮಾಡುವ ಅಧ್ಯಾಪಕರೊಬ್ಬರೇ ಪುಸ್ತಕದ ಜವಾಬ್ದಾರಿಯನ್ನೂ ಹೊರುತ್ತಾರೆ. ಅವರಿಗೆ ವರ್ಗವಾದರೆ, ಅಥವಾ ಎರಡು ತರಗತಿಗಳ ಹೊರೆ ಬಿದ್ದರೆ, ಕಪಾಟಿಗೆ ಬೀಗ ಬೀಳುತ್ತದೆ. ಪುಸ್ತಕಗಳು ಸ್ಟಾಕ್ ರಿಜಿಸ್ಟರಿನಲ್ಲಿ ಮಾತ್ರ ಉಳಿಯುತ್ತವೆ.

ಇದರಲ್ಲಿ ಹೆಚ್ಚು ನಷ್ಟ ನಮ್ಮ ಮಕ್ಕಳಿಗೇ ಎಂದು ನಾನು ಹೇಳುತ್ತೇನೆ. ಬ್ಯಾರಿ ಮನೆಯಲ್ಲಿ ಉಮ್ಮ ಆಡುವ ಮಾತು ಬ್ಯಾರಿ, ಅಂಗಡಿಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳಂ. ಕನ್ನಡ ನಮಗೆ ಸಿಗುವುದು ಅಕ್ಷರದಲ್ಲಿ. ಬೇರೆ ಮನೆಯ ಮಗು ಕನ್ನಡವನ್ನು ಅಜ್ಜಿಯ ಬಾಯಲ್ಲಿ ಕೇಳಿಯಾದರೂ ಬೆಳೆಯಬಹುದು. ನಮ್ಮ ಮಗು ಓದದಿದ್ದರೆ ಅದರ ಕನ್ನಡ ಪಠ್ಯಪುಸ್ತಕದ ಪ್ರಶ್ನೋತ್ತರಕ್ಕೇ ನಿಂತುಬಿಡುತ್ತದೆ. ಆಗ ಅಪ್ಪ ಅಮ್ಮ, "ಇವನಿಗೆ ಕನ್ನಡ ಬರುವುದಿಲ್ಲ, ಇಂಗ್ಲಿಷಿಗೆ ಹಾಕುವ" ಎನ್ನುತ್ತಾರೆ. ಮರುವರ್ಷ ಲೆಕ್ಕ ಇನ್ನೂ ಇಳಿಯುತ್ತದೆ.

ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರನ್ನು ನೆನೆಯಿರಿ. ಶಾಲೆ ಮುಗಿದ ಮೇಲೆ ಕಾಲೇಜಿನ ದಾರಿ ಅವರಿಗೆ ಮುಚ್ಚಿತ್ತು. 1963ರಲ್ಲಿ ಸಿಕ್ಕಿದ ಲೈಬ್ರರಿ ಸದಸ್ಯತ್ವವೇ ಅವರ ಕಾಲೇಜಾಯಿತು. ಅಲ್ಲಿಂದ 'ಚಂದ್ರಗಿರಿಯ ತೀರದಲ್ಲಿ' ಬರೆಯುವವರೆಗೆ ಬಂದರು. ಶಾಲೆಯ ಕನ್ನಡ ಮತ್ತು ಲೈಬ್ರರಿ, ಇವೆರಡರಲ್ಲಿ ಒಂದು ಇಲ್ಲದಿದ್ದರೂ ಆ ಬರಹಗಾರ್ತಿ ನಮಗೆ ಸಿಗುತ್ತಿರಲಿಲ್ಲ.

ಇಂಗ್ಲಿಷ್ ಮೀಡಿಯಂಗೆ ಕಳಿಸುವವರನ್ನು ನಾನು ದೂರುವುದಿಲ್ಲ. ಗಲ್ಫಿಗೆ ಹೋಗುವ ಮಗನಿಗೆ ಇಂಗ್ಲಿಷ್ ಬೇಕು, ಕೇರಳದಲ್ಲಿ ಬದುಕಲು ಮಲಯಾಳಂ ಬೇಕು. ಆದರೆ ಕನ್ನಡದಿಂದ ಕೆಲಸವಿಲ್ಲ ಎಂಬ ಮಾತು ಪೂರ್ತಿ ಸರಿಯಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳಂ ಎರಡೂ ಬಲ್ಲವರಿಗೆಂದೇ ಪಿ.ಎಸ್.ಸಿ. ಕ್ಲರ್ಕ್ ಹುದ್ದೆಗಳಿಗೆ ಅರ್ಜಿ ಕರೆಯುತ್ತದೆ. ಬ್ಯಾರಿ ಮಾತಾಡುವ ಮಗುವಿಗೆ ಮಲಯಾಳಂ ಹತ್ತಿರದ ಭಾಷೆ. ಕನ್ನಡ ಅಕ್ಷರ ಗಟ್ಟಿಯಿದ್ದರೆ ಎರಡೂ ಕೈಯಲ್ಲಿರುತ್ತವೆ. ಬ್ಯಾರಿಯನ್ನು ನಾವು ಹೆಚ್ಚಾಗಿ ಬರೆಯುತ್ತಿರುವುದೂ ಕನ್ನಡ ಲಿಪಿಯಲ್ಲೇ. ಆ ಲಿಪಿ ತಿಳಿಯದ ಮಕ್ಕಳಿಗೆ ನಾಳೆ ಬ್ಯಾರಿ ಪುಸ್ತಕವನ್ನೂ ಓದಲಾಗದು.

ಆದ್ದರಿಂದ ಕನ್ನಡ ಉಳಿಸಿ ಎಂದು ಸಭೆಯಲ್ಲಿ ಕೂಗಿದರಷ್ಟೇ ಸಾಲದು. ಪಿ.ಟಿ.ಎ.ಯಲ್ಲಿ ನಮ್ಮವರು ಬೇಕಾದಷ್ಟಿದ್ದಾರೆ. ಅಲ್ಲಿ ಮೂರು ಪ್ರಶ್ನೆ ಕೇಳೋಣ. ವಾರಕ್ಕೆ ಒಂದು ಪೀರಿಯಡ್ ಓದಿಗೆ ಇದೆಯೇ? ಕಪಾಟಿನ ಕೀಲಿ ಯಾರ ಹತ್ತಿರ ಇದೆ? ಮಲಯಾಳಂ, ಕನ್ನಡ ಎರಡೂ ವಿಭಾಗಗಳಿರುವ ಶಾಲೆಯಲ್ಲಿ ಹೊಸ ಪುಸ್ತಕ ಕೊಳ್ಳುವಾಗ ಕನ್ನಡಕ್ಕೆ ಪಾಲು ಎಷ್ಟು? ಹಳ್ಳಿಯ ಸರಕಾರಿ ಎಲ್.ಪಿ., ಯು.ಪಿ. ಶಾಲೆಗಳ ಉಸ್ತುವಾರಿ ಗ್ರಾಮ ಪಂಚಾಯತಿನದು. ಆದ್ದರಿಂದ ಇದೇ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲೂ ಎತ್ತಬಹುದು. ಅಧ್ಯಾಪಕರಿಗೆ ಪುರಸೊತ್ತಿಲ್ಲದಿದ್ದರೆ ವಾರಕ್ಕೊಮ್ಮೆ ಕಪಾಟು ತೆರೆದು ಪುಸ್ತಕ ಕೊಟ್ಟು ಬರೆದಿಡಲು ಓದು ಬಲ್ಲ ಉಮ್ಮಂದಿರೇ ಸಾಕು.

ಕೇರಳದ ಶಾಲೆಗಳಲ್ಲಿ ಜೂನ್ 19 ವಾಚನ ದಿನ. ಅಂದು ಪ್ರತಿಜ್ಞೆ ಓದಿಸಿ ಫೋಟೋ ತೆಗೆಯುತ್ತಾರೆ. ಈ ಸಲ ಅದೇ ದಿನ ಶಾಲೆಗೆ ಹೋಗಿ, ನಿಮ್ಮ ಮಗುವಿನ ಕೈಗೆ ಒಂದು ಕನ್ನಡ ಪುಸ್ತಕ ಮನೆಗೆ ಕೊಡಿ ಎಂದು ಕೇಳಿ.