ಬ್ಯಾಟರಿ ಕೊಳ್ಳುವ ಮುನ್ನ

‘ಕಾರಿಗೆ ಹೊಸ ಬ್ಯಾಟರಿ ಹಾಕಿಸಿ ವರ್ಷ ತುಂಬಿಲ್ಲ, ಆಗಲೇ ಸೆಲ್ಫ್ ಹಿಡಿಯುತ್ತಿಲ್ಲ. ಯಾವ ಕಂಪನಿಯದು ಒಳ್ಳೆಯದು, ದಯವಿಟ್ಟು ತಿಳಿಸಿರಿ’ ಎಂದು ಜತ್ತ ತಾಲೂಕಿನ ಓದುಗ ಬಂಧುಗಳೊಬ್ಬರು ಬರೆದಿದ್ದಾರೆ. ವಯಸ್ಸಾದ ತಾಯಿಯವರನ್ನು ಸೊಲ್ಲಾಪುರದ ಆಸ್ಪತ್ರೆಗೆ ಆಗಾಗ ಕರೆದೊಯ್ಯಬೇಕಂತೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಹಿರಿಯರನ್ನು ಕೂಡ್ರಿಸಿಕೊಂಡು ಹೊರಟಾಗ ಗಾಡಿ ನಡುದಾರಿಯಲ್ಲಿ ಕೈಕೊಟ್ಟರೆ ಎಷ್ಟು ಸಂಕಟವೆಂದು ಬೇರೆ ಹೇಳಬೇಕಿಲ್ಲ.

ಆದರೆ ಬಂಧುಗಳೇ, ಕಂಪನಿ ಯಾವುದೆಂದು ಕೇಳುವ ಮೊದಲು ಬಗೆ ಯಾವುದೆಂದು ಕೇಳಬೇಕು. ಇವರ ಕಾರು ಸಿಗ್ನಲ್‌ನಲ್ಲಿ ನಿಂತೊಡನೆ ಎಂಜಿನ್ ತಾನೇ ಬಂದ್ ಆಗಿ, ಕ್ಲಚ್ ಒತ್ತಿದರೆ ತಾನೇ ಚಾಲೂ ಆಗುವಂಥದ್ದು. ಗ್ಯಾರೇಜಿನವರು ಅಗ್ಗವೆಂದು ಸಾದಾ ಬ್ಯಾಟರಿ ಕೂಡಿಸಿದ್ದಾರೆ. ನನ್ನ ಗುಮಾನಿ ಅದರ ಮೇಲೆಯೇ.

ಸಾದಾ ಬ್ಯಾಟರಿಯ ಕೆಲಸ ಕೆಲವೇ ಸೆಕೆಂಡು ಜೋರಾಗಿ ವಿದ್ಯುತ್ ಕೊಟ್ಟು ಎಂಜಿನ್ ಎಬ್ಬಿಸುವುದು. ಮುಂದೆ ಆಲ್ಟರ್ನೇಟರ್ ಅದನ್ನು ತುಂಬಿಕೊಡುತ್ತದೆ. ತಾನೇ ನಿಂತು ಹೊರಡುವ ಗಾಡಿಯಲ್ಲಿ ಎಂಜಿನ್ ನಿಂತಾಗಲೂ ದೀಪ, ಫ್ಯಾನು, ರೇಡಿಯೊ ಬ್ಯಾಟರಿಯ ಮೇಲೆಯೇ ನಡೆಯುತ್ತವೆ. ಮೇಲಾಗಿ ಒಂದೇ ಪ್ರಯಾಣದಲ್ಲಿ ಹತ್ತಾರು ಸಲ ಎಂಜಿನ್ ಎಬ್ಬಿಸಬೇಕು. ಇದಕ್ಕಾಗಿಯೇ ಇ.ಎಫ್.ಬಿ. ಮತ್ತು ಎ.ಜಿ.ಎಂ. ಎಂಬ ಬಗೆಗಳಿವೆ. ಮೊದಲನೆಯದು ಗಟ್ಟಿ ಪ್ಲೇಟುಗಳ ದ್ರವದ ಬ್ಯಾಟರಿ. ಎರಡನೆಯದರಲ್ಲಿ ಆಮ್ಲವನ್ನು ಗಾಜಿನ ನೂಲಿನ ಹಾಸು ಹೀರಿಕೊಂಡಿರುತ್ತದೆ. ಬೆಲೆ ಹೆಚ್ಚು, ನಿಜ. ಆದರೂ ಗಾಡಿಗೆ ಮೊದಲು ಎ.ಜಿ.ಎಂ. ಇದ್ದರೆ ಎ.ಜಿ.ಎಂ. ಅನ್ನೇ ಹಾಕಿಸಿರಿ, ಇ.ಎಫ್.ಬಿ. ಇದ್ದಲ್ಲಿ ಅದಕ್ಕಿಂತ ಕೆಳಗೆ ಇಳಿಯಬೇಡಿರಿ. ಹಳೆಯ ಸಾದಾ ಗಾಡಿಯವರು ಇದಕ್ಕೆಲ್ಲ ದುಡ್ಡು ಸುರಿಯಬೇಕಿಲ್ಲ.

ಇನ್ನು ಅಳತೆ. ಗಾಡಿಯ ಪುಸ್ತಕದಲ್ಲಿ ಎಷ್ಟು ಆಂಪಿಯರ್-ಅವರ್ ಎಂದು ಬರೆದಿರುತ್ತದೆ, ಅದಕ್ಕಿಂತ ಕಡಿಮೆಯದು ಬೇಡ. ಡೀಸೆಲ್ ಎಂಜಿನ್ ಎಬ್ಬಿಸಲು ಹೆಚ್ಚು ಬಲ ಬೇಕು, ಆದ್ದರಿಂದ ಪೆಟ್ರೋಲ್ ಗಾಡಿಯದನ್ನು ಅದಕ್ಕೆ ಕೂಡಿಸುವುದು ಸಲ್ಲ. ಹಳೆಯ ಬ್ಯಾಟರಿಯ ಮೇಲೆ ‘34ಬಿ19ಎಲ್’ ಎಂಬಂಥ ಗುರುತಿದ್ದರೆ ಬರೆದುಕೊಂಡು ಹೋಗಿರಿ. ಅದರಲ್ಲಿ 19 ಎಂದರೆ ಸೆಂಟಿಮೀಟರಿನಲ್ಲಿ ಸುಮಾರು ಉದ್ದ. ಕೊನೆಯ ಅಕ್ಷರ ಎಲ್ ಅಥವಾ ಆರ್ ಇರುತ್ತದೆ. ಟರ್ಮಿನಲ್ ಯಾವ ಬದಿಗೆ ಎಂಬುದನ್ನು ಅದು ತಿಳಿಸುತ್ತದೆ. ಇದು ಅದಲುಬದಲಾದರೆ ವೈರು ಮುಟ್ಟುವುದಿಲ್ಲ, ಎಳೆದು ಕಟ್ಟಿದರೆ ಅಪಾಯ.

ಹಾಗೆಂದು ಸೆಲ್ಫ್ ಹಿಡಿಯದಾಗಲೆಲ್ಲ ಬ್ಯಾಟರಿಯನ್ನೇ ದೂರಬಾರದು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮೊದಲು ಅದನ್ನು ಸ್ವಚ್ಛ ಮಾಡಿಸಿರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಮೀಟರಿಟ್ಟು ನೋಡಿದರೆ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ. ಚಾರ್ಜ್ ಮಾಡಿಸಿ, ಲೋಡ್ ಟೆಸ್ಟ್ ಮಾಡಿಸಿದ ಮೇಲೆಯೇ ನಿರ್ಧರಿಸಿರಿ. ಆಲ್ಟರ್ನೇಟರ್ ಸರಿಯಾಗಿ ತುಂಬಿಸುತ್ತಿದೆಯೇ ಎಂಬುದನ್ನೂ ಆಗಲೇ ನೋಡಿಸಿರಿ. ಇಲ್ಲವಾದರೆ ಹೊಸದೂ ಬೇಗ ಸಾಯುತ್ತದೆ. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲೂ ಬ್ಯಾಟರಿಯ ಆಯುಷ್ಯ ತಿನ್ನುತ್ತದೆ. ಮದುವೆ-ಮುಂಜಿಗೆ ಮಾತ್ರ ಹೊರಬೀಳುವ ಗಾಡಿಗಳ ಪಾಡೂ ಅಷ್ಟೇ, ವಾರಕ್ಕೊಮ್ಮೆಯಾದರೂ ಅರ್ಧ ತಾಸು ಓಡಿಸಬೇಕು.

ಅಂಗಡಿಯಲ್ಲಿ ತಯಾರಾದ ತಿಂಗಳು ಕೇಳಿರಿ. ಬಹಳ ದಿನ ಚಾರ್ಜಿಲ್ಲದೆ ಕುಳಿತ ಮಾಲು ಬೇಡ. ‘36 ತಿಂಗಳ ಗ್ಯಾರಂಟಿ’ ಎಂದರೆ ಅದರಲ್ಲಿ ಎಷ್ಟು ತಿಂಗಳು ಪೂರ್ತಿ ಉಚಿತ ಬದಲಿ, ಎಷ್ಟು ತಿಂಗಳು ಬರೀ ರಿಯಾಯಿತಿ ಎಂದು ಬಿಡಿಸಿ ಕೇಳಿರಿ. ಮಗ ಬೆಂಗಳೂರಿನಲ್ಲಿ ಕೊಡಿಸಿದ್ದಾದರೆ ನಿಮ್ಮೂರಿನ ಡೀಲರು ಆ ಕಾರ್ಡಿಗೆ ಬದಲಿ ಕೊಡುವರೇ ಎಂದೂ ವಿಚಾರಿಸಿರಿ.

ಹಳೆಯ ಬ್ಯಾಟರಿಯನ್ನು ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಕಡಿತ ಸಿಗುತ್ತದೆ. ಬೀದಿಯ ಗುಜರಿಯವರಿಗೆ ಹಾಕಬೇಡಿರಿ. ಅದನ್ನು ಒಡೆದು ಸೀಸ ಕರಗಿಸುವ ಕಡೆ ಹೊಗೆ, ದೂಳು ಮೊದಲು ಹೊಗುವುದು ಅಲ್ಲಿ ಆಡುವ ಮಕ್ಕಳ ಮೈಯೊಳಗೆ.