ಬಿಟ್ಟುಹೋದ ಮನೆ

ಮುಮ್ಮಡಿ ಕೃಷ್ಣರಾಜ ಒಡೆಯರ ಪ್ರತಿಭೆಯನ್ನು ಕುರಿತು ನನಗೆ ಸಂಶಯವಿಲ್ಲ. ಚದುರಂಗದ ಕುದುರೆಯನ್ನು ಯಾವ ಮನೆಯನ್ನೂ ಎರಡನೆಯ ಸಲ ತುಳಿಯದಂತೆ 64 ಮನೆಗಳಲ್ಲಿಯೂ ನಡೆಸಿದವರು ಅವರು. ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ತರಗತಿಯಲ್ಲಿ ಇದನ್ನು ಹೇಳುವಾಗ ನನಗೂ ಹೆಮ್ಮೆಯೇ. ಆದರೆ ನಮ್ಮ ಪಾಠ ಅಲ್ಲಿಗೇ ನಿಂತುಬಿಡುತ್ತದೆ. ನನ್ನ ತಕರಾರು ಅದಕ್ಕೆ.

1830ರಲ್ಲಿ ನಗರದ ರೈತರು ದಂಗೆಯೆದ್ದದ್ದೇಕೆ? ಕಂದಾಯದ ಹೊರೆ, ಅಧಿಕಾರಿಗಳ ಸುಲಿಗೆ. 1831ರಲ್ಲಿ ಇಂಗ್ಲಿಷರು ಅರಸರಿಂದ ಆಡಳಿತವನ್ನು ಕಿತ್ತುಕೊಂಡರು. ಅವರಿಗೆ ಅವರದೇ ಲಾಭವಿತ್ತು, ನಿಜ. ಆದರೆ ಇಂಗ್ಲಿಷರ ಆಸೆಬುರುಕತನದಿಂದ ರೈತನ ಬವಣೆ ಸುಳ್ಳಾದೀತೆ?

ಸೋಮವಾರಪೇಟೆಯಲ್ಲಿ ಕುಳಿತವನಿಗೆ ಇನ್ನೊಂದು ಮಾತೂ ಚುಚ್ಚುತ್ತದೆ. 1834ರಲ್ಲಿ ಪಟ್ಟ ಕಳೆದುಕೊಂಡ ನಮ್ಮ ಕೊಡಗಿನ ಚಿಕವೀರರಾಜೇಂದ್ರನ ನೆನಪೆಲ್ಲ ದೌಷ್ಟ್ಯದ್ದೇ. ಅವರಿಗೆ ಬಹುವಚನ, ಇವನಿಗೆ ಏಕವಚನ! ಕವಿಗಳಿಗೆ ಅನ್ನವಿಟ್ಟವರ ತಪ್ಪು ತಪ್ಪಲ್ಲವೆ?

ಪ್ರತಿಭೆ ಬೇರೆ, ನಡತೆ ಬೇರೆ, ಎರಡನ್ನೂ ಬೆರೆಸಬೇಡಿ ಎನ್ನುವವರುಂಟು. ಬೆರೆಸುವುದು ಬೇಡ, ಎರಡನ್ನೂ ಹೇಳೋಣ. ಅಮೆರಿಕದ ಬಾಬಿ ಫಿಷರ್ 1972ರಲ್ಲಿ ಸ್ಪಾಸ್ಕಿಯನ್ನು ಸೋಲಿಸಿ ಜಗಜ್ಜೇತನಾದ. ಮುಂದೆ ಯೆಹೂದ್ಯರ ಮೇಲೆ ವಿಷ ಕಾರಿದ. 2001ರ ಸೆಪ್ಟೆಂಬರ್ 11ರ ಕಗ್ಗೊಲೆಯನ್ನು ಕೊಂಡಾಡಿದ. ಅವನ ಆಟವನ್ನು ಇಂದಿಗೂ ಕಲಿಯುತ್ತಾರೆ. ಅವನ ಮಾತುಗಳನ್ನು ಮುಚ್ಚಿಡುವುದಿಲ್ಲ. ಆ ಎದೆಗಾರಿಕೆ ನಮಗೇಕಿಲ್ಲ?

ಅರಸರ ಕುದುರೆ ಒಂದು ಮನೆಯನ್ನೂ ಬಿಡಲಿಲ್ಲ. ಅವರ ಚರಿತ್ರೆ ಬರೆಯುವ ನಾವು ಮಾತ್ರ ನಗರದ ರೈತನ ಮನೆಯನ್ನು ಹಾರಿ ಹೋಗುತ್ತಿದ್ದೇವೆ.