ಶಿಕ್ಷಕರ ಕುರ್ಚಿಗೆ ಪರದೆಯೇ ಉತ್ತರಾಧಿಕಾರಿ?

ಶಾಲಾ ಪ್ರವೇಶದ ದಿನಗಳು ಬಂದವೆಂದರೆ ನಮ್ಮ ಸಣ್ಣ ಪಟ್ಟಣಗಳ ಗೋಡೆಗಳು ಮಾತಾಡತೊಡಗುತ್ತವೆ. ಸ್ಮಾರ್ಟ್ ಕ್ಲಾಸ್, ಡಿಜಿಟಲ್ ಬೋರ್ಡ್, ಟ್ಯಾಬ್ ಮೂಲಕ ಪಾಠ, ಆಟದ ಮೂಲಕ ಗಣಿತ. ಹುಮನಾಬಾದ್, ಬಸವಕಲ್ಯಾಣಗಳಿಂದ ಹಿಡಿದು ನಿರ್ಣಾದಂತಹ ಊರಿನ ಪೋಷಕರ ತನಕ ಈ ಭರವಸೆಗಳು ತಲುಪುತ್ತವೆ. ಆದರೆ ಗಣಿತ ಕಲಿಸುವವರು ಯಾರು, ಅವರ ವಿದ್ಯಾರ್ಹತೆಯೇನು, ಅವರಿಗೆ ಸಿಗುವ ಸಂಬಳವೆಷ್ಟು ಎಂಬುದು ಮಾತ್ರ ಯಾವ ಫಲಕದಲ್ಲೂ ಇರುವುದಿಲ್ಲ. ಪೋಷಕರು ಕೇಳುವುದಿಲ್ಲ, ಶಾಲೆ ಹೇಳುವುದಿಲ್ಲ.

ಕಂಪ್ಯೂಟರಿನ ಆಟವೆಂದೊಡನೆ ಹಣೆ ಗಂಟಿಕ್ಕುವ ಹಿರಿಯರ ಸಾಲಿನಲ್ಲಿ ನಾವಿಲ್ಲ. ಆಟ ಕಲಿಕೆಯ ಶತ್ರುವಲ್ಲ. ಗುಜರಾತಿನ ವಡೋದರದಲ್ಲಿ ಪ್ರಥಮ್ ಸಂಸ್ಥೆಯು ಸರಕಾರಿ ಶಾಲೆಗಳ ನಾಲ್ಕನೇ ತರಗತಿಯ ಮಕ್ಕಳನ್ನು ವಾರಕ್ಕೆ ಎರಡು ಗಂಟೆ ಗಣಿತದ ಆಟಗಳ ಮುಂದೆ ಕೂರಿಸಿತ್ತು. ಒಂದು ಯಂತ್ರಕ್ಕೆ ಇಬ್ಬರು ಮಕ್ಕಳು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಮಕ್ಕಳ ಗಣಿತದ ಅಂಕಗಳು ಗಣನೀಯವಾಗಿ ಏರಿದ್ದುವು. ಇದರಲ್ಲಿ ಅಚ್ಚರಿಯೇನಿದೆ? ಕಿಕ್ಕಿರಿದ ತರಗತಿಯಲ್ಲಿ ದಶಕ ಎರವಲು ಪಡೆದು ಕಳೆಯುವ ಲೆಕ್ಕದಲ್ಲಿ ಎಡವಿದ ಹುಡುಗಿ ಬಾಯಿ ಬಿಡುವುದಿಲ್ಲ. ಪಾಠ ಮುಂದೆ ಹೋಗುತ್ತದೆ, ಅವಳು ಅಲ್ಲಿಯೇ ಉಳಿಯುತ್ತಾಳೆ. ಒಳ್ಳೆಯ ಆಟವಾದರೋ ಅವಳು ನಿಂತಲ್ಲಿಂದಲೇ ಆರಂಭಿಸುತ್ತದೆ. ಹತ್ತು ಬಾರಿ ತಪ್ಪಿದರೂ ಗದರುವುದಿಲ್ಲ, ನಾಲ್ವರ ಮುಂದೆ ನಗೆಪಾಟಲು ಮಾಡುವುದಿಲ್ಲ. ಬೆತ್ತದ ಭಯದಲ್ಲಿ ಮಗ್ಗಿ ಕಲಿತ ನಮಗೆ ಇದರ ಬೆಲೆ ಗೊತ್ತು. ಆದರೆ ಅದೇ ಅಧ್ಯಯನದ ಇನ್ನೊಂದು ಪುಟವನ್ನು ತಂತ್ರಾಂಶ ಮಾರುವವರು ತೋರಿಸುವುದಿಲ್ಲ. ಕಾರ್ಯಕ್ರಮ ನಿಂತು ಒಂದು ವರ್ಷ ಕಳೆಯುವಷ್ಟರಲ್ಲಿ ಆ ಗಳಿಕೆಯ ಬಹುಪಾಲು ಕರಗಿಹೋಗಿತ್ತು.

ಇದಕ್ಕಿಂತಲೂ ಮುಖ್ಯವಾದ ಪಾಠ ಮರುವರ್ಷ ಹೊರಬಂತು. ಗುಜರಾತಿನದೇ ಜ್ಞಾನಶಾಲಾ ಸಂಸ್ಥೆಯ ತರಗತಿಗಳಲ್ಲಿ ಲೀ ಲಿಂಡೆನ್ ಎಂಬ ಅರ್ಥಶಾಸ್ತ್ರಜ್ಞರು ಎರಡು ವಿಧಾನಗಳನ್ನು ಪರೀಕ್ಷಿಸಿದ್ದರು. ಒಂದೆಡೆ ಶಿಕ್ಷಕಿಯ ಪಾಠದ ಸಮಯವನ್ನು ಕತ್ತರಿಸಿ ಕಂಪ್ಯೂಟರಿಗೆ ಕೊಡಲಾಯಿತು. ಇನ್ನೊಂದೆಡೆ ಪಾಠವನ್ನು ಮುಟ್ಟದೆ, ತರಗತಿಯ ವೇಳೆಯ ಹೊರಗೆ ಮಕ್ಕಳಿಗೆ ಯಂತ್ರವನ್ನು ಒದಗಿಸಲಾಯಿತು. ಮೊದಲ ಗುಂಪಿನ ಮಕ್ಕಳು ಕಂಪ್ಯೂಟರನ್ನೇ ಮುಟ್ಟದವರಿಗಿಂತಲೂ ಹಿಂದೆ ಬಿದ್ದರು. ಎರಡನೆಯ ಗುಂಪು ಮುಂದೆ ಬಂತು, ಅದರಲ್ಲೂ ಕಲಿಕೆಯಲ್ಲಿ ಹಿಂದುಳಿದಿದ್ದ ಮಕ್ಕಳಿಗೇ ಹೆಚ್ಚು ಲಾಭವಾಯಿತು. ಎರಡೂ ಕಡೆ ತಂತ್ರಾಂಶ ಒಂದೇ. ಒಂದು ಕಡೆ ಅದು ಶಿಕ್ಷಕಿಯ ಜೊತೆಗಿತ್ತು, ಇನ್ನೊಂದು ಕಡೆ ಶಿಕ್ಷಕಿಯ ಬದಲಿಗಿತ್ತು. ನಮ್ಮ ತಕರಾರಿರುವುದು ಈ ಬದಲಿನ ಕುರಿತು.

ಅಷ್ಟಕ್ಕೂ ಇದನ್ನು ಕರ್ನಾಟಕವು ಗುಜರಾತಿನಿಂದ ಕಲಿಯಬೇಕಾಗಿರಲಿಲ್ಲ. 2000ದ ದಶಕದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆಯಡಿ 1000 ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂತು. ಕಲಿಸುವ ಗುತ್ತಿಗೆ ಖಾಸಗಿ ಕಂಪೆನಿಗಳ ಪಾಲಾಯಿತು. ಅವಧಿ ಮುಗಿದಾಗ ಗುತ್ತಿಗೆಯ ಬೋಧಕರು ಹೊರಟುಹೋದರು. ಗಣಿತ, ವಿಜ್ಞಾನದ ಶಿಕ್ಷಕರಿಗಂತೂ ಆ ಕೋಣೆ ಬಹುತೇಕ ಪರಕೀಯವಾಗಿಯೇ ಉಳಿದಿತ್ತು. ಅದೇ ಕಾಲದಲ್ಲಿ ಅಝೀಮ್ ಪ್ರೇಮ್‌ಜಿ ಫೌಂಡೇಶನ್ ಸರಕಾರದೊಂದಿಗೆ ಸೇರಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕಾ ಕೇಂದ್ರಗಳನ್ನು ತೆರೆಯಿತು, ಪಠ್ಯವನ್ನು ಆಟವಾಗಿ, ಕತೆಯಾಗಿ ಮಾರ್ಪಡಿಸಿದ ಸಿ.ಡಿ.ಗಳನ್ನು ಹಲವು ಭಾಷೆಗಳಲ್ಲಿ ಹಂಚಿತು. ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಕಂಪೆನಿಗಳಲ್ಲೊಂದನ್ನು ಕಟ್ಟಿದವರ ಸಂಸ್ಥೆಯಿದು. ತಂತ್ರಜ್ಞಾನದ ಮೇಲೆ ಅವರಿಗೆ ನಂಬಿಕೆಯ ಕೊರತೆಯಿತ್ತೇ? ಆದರೂ ಕೆಲವೇ ವರ್ಷಗಳಲ್ಲಿ ಅವರು ಅದನ್ನು ಬಿಟ್ಟು ಶಿಕ್ಷಕರ ತರಬೇತಿಯತ್ತ ಹೊರಳಿದರು. ಸಂಸ್ಥೆಯ ಮುಂದಾಳುಗಳಲ್ಲೊಬ್ಬರಾದ ಅನುರಾಗ್ ಬೆಹರ್ ಶಿಕ್ಷಣದಲ್ಲಿ ಕಂಪ್ಯೂಟರಿನ ಮಿತಿಗಳನ್ನು 2010ರಲ್ಲಿ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಬರೆದರು. ಸ್ವಂತ ಪ್ರಯೋಗದ ಸೋಲನ್ನು ಒಪ್ಪಿಕೊಳ್ಳುವ ಇಂತಹ ಪ್ರಾಮಾಣಿಕತೆ ನಮ್ಮಲ್ಲಿ ಅಪರೂಪ.

ಕೊರೋನಾ ಕಾಲದಲ್ಲೂ ಕಂಡದ್ದು ಇದನ್ನೇ. 2020ರ ಆಗಸ್ಟ್‌ನಲ್ಲಿ ರಾಜ್ಯ ಸರಕಾರ ವಿದ್ಯಾಗಮವನ್ನು ಆರಂಭಿಸಿದಾಗ ಮಕ್ಕಳನ್ನು ವಿಂಗಡಿಸಿದ್ದು ಮನೆಯಲ್ಲಿ ಮೊಬೈಲ್ ಇದೆಯೇ, ಇಂಟರ್ನೆಟ್ ಇದೆಯೇ, ಏನೂ ಇಲ್ಲವೇ ಎಂಬುದರ ಮೇಲೆ. ಏನೂ ಇಲ್ಲದವರ ಬಳಿಗೆ ಶಿಕ್ಷಕರು ನಡೆದು ಹೋಗಿ ಮರದಡಿಯಲ್ಲಿ, ಜಗಲಿಯಲ್ಲಿ ಕೂತು ಪಾಠ ಮಾಡಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದೂ ನಿಂತುಹೋಯಿತೆಂಬುದು ಬೇರೆ ಮಾತು.

ಭಾಷೆಯ ಪ್ರಶ್ನೆಯಂತೂ ಯಾರ ಗಮನಕ್ಕೂ ಬಂದಂತಿಲ್ಲ. ಬೀದರ್ ಸೀಮೆಯ ಮಗು ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ ಮಾತಾಡುತ್ತದೆ, ಮರಾಠಿ, ತೆಲುಗನ್ನೂ ಕೇಳುತ್ತಾ ಬೆಳೆಯುತ್ತದೆ. ಅಂಗಡಿಯಿಂದ ತಂದ ತಂತ್ರಾಂಶ ಅದರೊಂದಿಗೆ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ಮಗು ಲೆಕ್ಕದಲ್ಲಿ ಸೋತಿತೋ ಭಾಷೆಯಲ್ಲಿ ಸೋತಿತೋ ಯಂತ್ರಕ್ಕೆ ತಿಳಿಯದು. ಎರಡಕ್ಕೂ ಒಂದೇ ಕೆಂಪು ಗುರುತು. ಅದನ್ನು ಬೇರ್ಪಡಿಸಬಲ್ಲವರು ಎದುರಿಗೆ ನಿಂತ, ಮಗುವಿನ ಮಾತು ಬಲ್ಲ ಶಿಕ್ಷಕರು ಮಾತ್ರ. ಪಕ್ಕದ ಕೇರಳವನ್ನು ನೋಡಿರಿ. ಅಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯು ಶಾಲೆಯ ಶಿಕ್ಷಕರಿಗೇ ತರಬೇತಿ ನೀಡಿತು, ದುಬಾರಿ ಪರವಾನಗಿಗಳ ಬದಲು ಮುಕ್ತ ತಂತ್ರಾಂಶವನ್ನು ನೆಚ್ಚಿಕೊಂಡಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಕನ್ನಡದ ಸರಕಾರಕ್ಕೆ ಇದು ನಾಚಿಕೆಯ ಸಂಗತಿಯಲ್ಲವೇ?

ಹಾಗಂತ ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ನಾವು ಪಾರಾಗುವಂತಿಲ್ಲ. ಬೆಂಗಳೂರಿನ ಬೈಜೂಸ್ ಕಂಪೆನಿಯ ಮೌಲ್ಯ 2022ರಲ್ಲಿ 2,200 ಕೋಟಿ ಡಾಲರ್ ಎನ್ನಲಾಗಿತ್ತು. ಕೋರ್ಸ್ ಕೊಳ್ಳಲು ಪೋಷಕರನ್ನು ಸಾಲಕ್ಕೆ ಸಿಲುಕಿಸಲಾಗುತ್ತಿದೆಯೆಂಬ ವರದಿಗಳ ಮೇಲೆ ಅದೇ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಅದರ ಮುಖ್ಯಸ್ಥರಿಗೆ ಸಮನ್ಸ್ ನೀಡಿತು. 2024ರ ಜುಲೈಯಲ್ಲಿ ಅದರ ವಿರುದ್ಧ ದಿವಾಳಿ ಪ್ರಕ್ರಿಯೆಗೆ ಆದೇಶವಾಯಿತು. ಆ ಸಾಲಕ್ಕೆ ಸಹಿ ಹಾಕಿದವರು ಯಾರು? ಮಗ ಹಿಂದೆ ಬೀಳಬಾರದೆಂದು ತಳಮಳಿಸುವ ತಂದೆ, ಒಡವೆ ಅಡವಿಟ್ಟ ತಾಯಿ. ಯಂತ್ರಕ್ಕೆ ಇಷ್ಟು ಉದಾರವಾಗಿರುವ ನಾವು ಶಿಕ್ಷಕಿಯ ಸಂಬಳದ ಮಾತು ಬಂದಾಗ ಮಾತ್ರ ಚೌಕಾಶಿಗೆ ಇಳಿಯುತ್ತೇವೆ. ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದ್ರಸದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ, ಆ ಕಟ್ಟಡದಲ್ಲಿ ಗ್ರಂಥಾಲಯದ ಜೊತೆಗೆ ಅಧ್ಯಾಪಕರ ವಾಸಕ್ಕೂ ಕೋಣೆಗಳಿದ್ದುವೆಂಬುದು ನೆನಪಾಗುವುದೇ ಇಲ್ಲ.

ಕಲ್ಯಾಣ ಕರ್ನಾಟಕಕ್ಕೆ 371(ಜೆ) ಬಂದು ದಶಕ ಕಳೆದರೂ ಖಾಲಿ ಹುದ್ದೆಗಳ ದೂರು ನಿಂತಿಲ್ಲ, ಅತಿಥಿ ಶಿಕ್ಷಕರನ್ನೇ ನೆಚ್ಚಿಕೊಂಡ ಶಾಲೆಗಳಿವೆ. ನಿರ್ಣಾದಂತಹ ಊರಿನ ಸರಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಪೋಷಕರಿಗೇ ಸ್ಥಾನವಿದೆ. ಸಭೆಗೆ ಹೋಗಿ ಸಹಿ ಮಾಡಿ ಚಹಾ ಕುಡಿದು ಬರುವುದಕ್ಕೆ ಆ ಸ್ಥಾನ ಕೊಟ್ಟದ್ದಲ್ಲ. ಹೊಸ ಪರದೆಯ ಬೇಡಿಕೆಗೆ ಸಹಿ ಹಾಕುವ ಮೊದಲು ಗಣಿತದ ಹುದ್ದೆ ಎಷ್ಟು ಕಾಲದಿಂದ ಖಾಲಿಯಿದೆಯೆಂದು ಕೇಳಿರಿ. ಹಿಂದೆ ಬಂದ ಕಂಪ್ಯೂಟರುಗಳ ಮುಂದೆ ಕಳೆದ ತಿಂಗಳು ಯಾವ ತರಗತಿ ಎಷ್ಟು ತಾಸು ಕೂತಿತ್ತು, ಯಾವ ಶಿಕ್ಷಕರು ಜೊತೆಗಿದ್ದರು ಎಂದು ಕೇಳಿರಿ. ಆ ಕೋಣೆಗೆ ಬೀಗ ಬಿದ್ದಿದ್ದರೆ ಕೀಲಿಕೈ ಯಾರ ಬಳಿಯಿದೆಯೆಂದೂ ಕೇಳಿರಿ.